ಬೇಸಗೆಯಲ್ಲೂ ಹಸಿಯಿದ್ದ ಹುತ್ತ

ನನ್ನ ತಂಗಿಯ ಮೈಗೆ ಹುತ್ತದ ಮಣ್ಣು ಹಚ್ಚಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಕೊನೆಗೆ ಬಾಯಿಬಿಡುವ ಜಾಣತನ ನನಗೆ ಬೇಡ. ಮಾಡಿದ ಜಾಣತನವೇ ಈ ಜನ್ಮಕ್ಕೆ ಸಾಕಾಗಿದೆ.

ನಾವು ಮೂವರು. ನಾನು ಹಿರಿಯಳು, ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿ ಅಲ್ಲೇ ಇದ್ದೇನೆ. ನನಗಿಂತ ಆರು ವರ್ಷಕ್ಕೆ ಚಿಕ್ಕವಳು ತಂಗಿ. ಅವಳನ್ನು ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿಯ ಹತ್ತಿರದ ಊರಿಗೆ ಕೊಟ್ಟಿತ್ತು. ಕೊನೆಯವನು ತಮ್ಮ. ಅರಕಲಗೂಡು ತಾಲ್ಲೂಕಿನಲ್ಲಿ, ಕೊಣನೂರಿಗೆ ಸ್ವಲ್ಪ ದೂರದಲ್ಲಿ, ಅಪ್ಪ ಬಿಟ್ಟುಹೋದ ಜಮೀನು ನೋಡಿಕೊಂಡಿದ್ದಾನೆ.

ತಂಗಿಗೆ ನಲವತ್ತು ದಾಟುತ್ತಲೇ ಸೋರಿಯಾಸಿಸ್ ಶುರುವಾಯಿತು. ಮೊದಲು ಮೊಣಕೈ, ಆಮೇಲೆ ಬೆನ್ನು, ತಲೆ, ಕಡೆಗೆ ಅಂಗೈವರೆಗೂ ಬಂತು. ಕೆಂಪಗೆ ಊದಿದ ಚರ್ಮದ ಮೇಲೆ ಬಿಳಿ ಹೊಟ್ಟು ಏಳುತ್ತಿತ್ತು, ಕೆರೆದರೆ ರಕ್ತ. ಹಾಸನದ ಡಾಕ್ಟರು ಇದು ಅಂಟುವ ಕಾಯಿಲೆಯಲ್ಲ, ಪೂರ್ತಿ ಹೋಗುವುದೂ ಇಲ್ಲ, ಮಾತ್ರೆ ಮುಲಾಮಿನಲ್ಲಿ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬಹುದು ಎಂದು ಬಿಡಿಸಿ ಹೇಳಿದ್ದರು. ನಾನೂ ಅವಳ ಗಂಡನ ಮನೆಯವರಿಗೆ ಹೇಳಿದೆ. ಹೂಂ ಅಂದರು, ಅವಳು ಎದ್ದುಹೋದ ಮೇಲೆ ಕುರ್ಚಿ ಕೊಡವಿ ಕೂತರು. ಹಬ್ಬದ ದಿನ ಒಬ್ಬಟ್ಟು ತಟ್ಟಲು ಅವಳನ್ನು ಕರೆಯುತ್ತಿರಲಿಲ್ಲ. "ನೀನು ಕಾಯಿ ತುರ್ಕೊಡು ಸಾಕು" ಅನ್ನುತ್ತಿದ್ದರು, ಆಮೇಲೆ ತುರಿದ ಕಾಯಿಯೂ ಬೇಡವಾಯಿತು. ತಂಗಿ ಇದನ್ನೆಲ್ಲ ನನ್ನ ಹತ್ತಿರ ನಗುತ್ತಲೇ ಹೇಳುತ್ತಿದ್ದಳು. "ಕೆಲ್ಸ ಕಮ್ಮಿ ಆಯ್ತು ಬುಡಕ್ಕ" ಅನ್ನುವಳು.

ನಗುವುದು ನಿಂತದ್ದು ಅವಳ ಮಗಳು ಬಸುರಾದಾಗ. ಒಬ್ಬಳೇ ಮಗಳು, ದುದ್ದದ ಕಡೆ ಕೊಟ್ಟಿದೆ. ನಮ್ಮಲ್ಲಿ ಚೊಚ್ಚಲ ಬಾಣಂತನ ತಾಯಿಯ ಹಕ್ಕು. ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ಒತ್ತಿ ನೀರು ಹುಯ್ಯುವುದು ಅಜ್ಜಿಯಾದವಳು ಕಾಯುವ ಕೆಲಸ. ಬೀಗರು ಸೀಮಂತದ ದಿನ ಎಲ್ಲರ ಎದುರಿಗೇ, ಬಹಳ ಮರ್ಯಾದೆಯಾಗಿ, "ಎಳೇ ಮಗೀನ ಮೈ ನೋಡಿ, ಒಸಿ ವಾಸಿಯಾಗ್ಲಿ, ಆಮ್ಯಾಕೆ ನೋಡವ" ಅಂದರು. ತಂಗಿ ಸೆರಗನ್ನು ಮೊಣಕೈವರೆಗೂ ಎಳೆದುಕೊಂಡು ತಲೆಯಾಡಿಸಿದಳು. ಹೆರಿಗೆಗೆ ಎರಡು ತಿಂಗಳಿತ್ತು.

ಮಾರನೇ ವಾರವೇ ಬ್ಯಾಗು ಹಿಡಿದು ನನ್ನ ಮನೆಗೆ ಬಂದಳು. "ಎರಡು ತಿಂಗ್ಳಲ್ಲಿ ನನ್ನ ಕೈಕಾಲಾದ್ರೂ ನೆಟ್ಟಗಾಗ್ಬೇಕು ಕಣಕ್ಕ. ಮಿಕ್ಕಿದ್ ಮೈ ಏನಾದ್ರೂ ಆಗ್ಲಿ, ಸೀರೆ ಮುಚ್ಕೊಳ್ತದೆ" ಅಂದಳು. ಮಾತ್ರೆ ಸಾಲದು ಅನ್ನಿಸಿತ್ತು ಅವಳಿಗೆ. ಫೋನಿನಲ್ಲಿ ಯಾವಳೋ ಒಬ್ಬಳು ಮಣ್ಣಿನ ಸ್ನಾನದ ಬಗ್ಗೆ ದಿನಾ ಮಾತಾಡುತ್ತಿದ್ದಳು: ಚರ್ಮರೋಗವೆಂದರೆ ಒಳಗಿನ ವಿಷ, ಮಣ್ಣು ಅದನ್ನು ಹೀರಿ ತೆಗೆಯುತ್ತದೆ, ಡಿಟಾಕ್ಸ್ ಅಂತ. ನಾನು ಮೊದಲು ಗದರಿದೆ. ಆದರೂ ಅವಳ ಸಮಾಧಾನಕ್ಕೆ ಹಾಸನದಲ್ಲಿ ಒಂದು ಪ್ರಕೃತಿ ಚಿಕಿತ್ಸೆಯ ಕಡೆ ಕರೆದುಕೊಂಡು ಹೋದೆ. ಸೋಸಿದ ಜೇಡಿಮಣ್ಣನ್ನು ಮೈತುಂಬ ಬಳಿದು, ಒಣಗಲು ಬಿಟ್ಟು, ತೊಳೆದು ಕಳಿಸಿದರು. ಮಾತ್ರೆ ನಿಲ್ಲಿಸಬೇಡಿ ಅಂತಲೂ ಹೇಳಿದರು, ಪಾಪ. ಆ ರಾತ್ರಿ ನನ್ನ ತಂಗಿ ಕೆರೆದುಕೊಳ್ಳದೆ ಬೆಳಗಿನವರೆಗೆ ನಿದ್ದೆ ಮಾಡಿದಳು. ಎದ್ದವಳೇ ಅಡುಗೆಮನೆಗೆ ಬಂದು, "ಮೈ ತಣ್ಣಗೈತೆ ಕಣಕ್ಕ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು.

ಆಗ ನನ್ನ ಬುದ್ಧಿ ಓಡಿತು. ನಾವು ಚಿಕ್ಕವರಿದ್ದಾಗ ಬೇಸಗೆಯಲ್ಲಿ ಮೈತುಂಬ ಬೆವರುಸಾಲೆ ಎದ್ದರೆ ನಮ್ಮಜ್ಜಿ ಹುತ್ತದ ಮಣ್ಣನ್ನು ಮಜ್ಜಿಗೆಯಲ್ಲಿ ನೆನೆಸಿ ಮೂವರಿಗೂ ಬಳಿದು, ಬಿಸಿಲಲ್ಲಿ ನಿಲ್ಲಿಸುತ್ತಿದ್ದಳು. ಮಣ್ಣು ಬಿರಿದು ಚರ್ಮ ಎಳೆಯಲು ಶುರುವಾದಾಗ ಹೊಳೆಗೆ ಬೀಳುತ್ತಿದ್ದೆವು. ಅಜ್ಜಿ ಬಳಿಯಲು ಬಂದರೆ ಓಡಿಹೋಗುತ್ತಿದ್ದವರು ನಾವು. ಅದನ್ನೇ ಫೋನಿನವಳು ಇಂಗ್ಲಿಷು ಬೆರೆಸಿ ಹೇಳಿದ ಮೇಲೆ ಕಿವಿಗೆ ಹೋಯಿತು. ಶಂಖದಿಂದ ಬಿದ್ದರೆ ತಾನೆ ತೀರ್ಥ. "ಊರಲ್ಲಿ ನಮ್ ಹುತ್ತ ಇಲ್ವೇನೇ? ಅದಕ್ಕಿಂತ ಒಳ್ಳೇ ಮಣ್ಣು ಯಾವನ ಹತ್ರ ಇದೆ?" ಎಂದೆ. ತಂಗಿ ನನ್ನನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಅಜ್ಜಿಯ ಒಂದು ಕಟ್ಟಳೆ ಇತ್ತು. ಮಣ್ಣು ಜೀವ ಇರುವ ಹುತ್ತದಿಂದಲೇ ತರಬೇಕು. ಪಾಳು ಹುತ್ತದ ಮಣ್ಣು ಗೋಡೆಗೆ, ಜೀವದ ಹುತ್ತದ ಮಣ್ಣು ಮೈಗೆ ಅನ್ನುತ್ತಿದ್ದಳು. ಜೀವ ಇದೆಯೋ ಇಲ್ಲವೋ ತಿಳಿಯುವುದಕ್ಕೆ ಎರಡು ಗುರುತು. ಬಿರುಬೇಸಗೆಯಲ್ಲೂ ಒಳಗಿನ ಮಣ್ಣು ಹಸಿಯಾಗಿರಬೇಕು. ಎರಡನೆಯದು, ಅಲ್ಲಿ ಹಾವು ಕಂಡಿರಬೇಕು.

ಯುಗಾದಿ ಕಳೆದು ಕೆಲವು ದಿನಕ್ಕೆ ಇಬ್ಬರೂ ಕಾರಿನಲ್ಲಿ ಊರಿಗೆ ಹೋದೆವು. ಹುತ್ತ ಇರುವುದು ಹೊಲದ ಬದುವಿನಲ್ಲಿ, ತಮ್ಮ ಹೊಸದಾಗಿ ತೆಂಗಿನ ಸಸಿ ಇಟ್ಟಿದ್ದ ಕಡೆ. ನನ್ನೆತ್ತರಕ್ಕೆ ಬೆಳೆದಿತ್ತು. ನಾವು ಗುದ್ದಲಿ, ಪ್ಲಾಸ್ಟಿಕ್ ಚೀಲ ಹಿಡಿದು ಹೊರಟಾಗ ತಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಅರ್ಧಕ್ಕೇ ಎದ್ದು ಬಂದ.

"ಅಲ್ಲಿ ಬ್ಯಾಡ ಕಣಕ್ಕ. ಕೆರೆ ತಾವ ಗೋಡು ಐತೆ, ಬೇಕಾದಷ್ಟು ತಕ್ಕಂಡೋಗಿ."

"ಕೆರೆ ಹೂಳಿನ ಗೋಡು ಯಾಕೋ? ಊರಿನ ಕೊಳೆಯೆಲ್ಲ ಅಲ್ಲೇ ಬಿದ್ದಿರುತ್ತೆ" ಎಂದೆ ನಾನು.

ಅವನು ನೆಲ ನೋಡಿದ. ಆಮೇಲೆ, "ಹುತ್ತದಾಗೆ ಹಾವೈತೆ ಕಣಕ್ಕ. ಮೊನ್ನೆ ನಾನೇ ಕಂಡಿವ್ನಿ. ಇಷ್ಟುದ್ದ" ಎಂದ.

ತಂಗಿಯ ಮುಖ ಅರಳಿತು. ಹಾವಿದೆ ಎಂದರೆ ಹುತ್ತಕ್ಕೆ ಜೀವ ಇದೆ ಎಂದೇ ಅರ್ಥ. ನಮ್ಮನ್ನು ಹೆದರಿಸಿ ಓಡಿಸಲು ಅವನು ಆಡಿದ ಸುಳ್ಳು ನಮಗೆ ಅಜ್ಜಿಯ ಮಾತಿನ ಸಾಕ್ಷಿಯಾಗಿ ಕೇಳಿಸಿತು. ಇಬ್ಬರೂ ಹೋಗಿ, ಅರಿಶಿನ ಕುಂಕುಮ ಇಟ್ಟು, ಕೈ ಮುಗಿದು, ಮೇಲುಭಾಗದಲ್ಲಿ ಮೆಲ್ಲಗೆ ಅಗೆದೆವು. ಒಂದು ಗೇಣು ಒಳಗೆ ಮಣ್ಣು ಹಸಿ ಹಸಿ. ಸುತ್ತ ನೆಲವೆಲ್ಲ ಬಿರುಕು ಬಿಟ್ಟ ಕಾಲದಲ್ಲಿ ಅದು ಮಾತ್ರ ಹಿಟ್ಟಿನ ಮುದ್ದೆಯ ಹಾಗೆ ಕೈಗೆ ಬಂತು. "ನೋಡಕ್ಕ, ನೋಡಕ್ಕ" ಅಂದಳು ತಂಗಿ. ನಾನು ಮೇಡಮ್ಮು ತಾನೆ, ಅಲ್ಲೇ ಪಾಠ ಮಾಡಿದೆ: ಗೆದ್ದಲು ನೆಲದ ಆಳದಿಂದ ತೇವ ಹೊತ್ತು ತರುತ್ತದೆ, ಅದಕ್ಕೇ ಹುತ್ತ ಒಣಗುವುದಿಲ್ಲ. ಒಂದು ಗೆದ್ದಲೂ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವಳು ಕೇಳಿದ್ದಕ್ಕೆ, ಬಿಸಿಲಿಗೆ ಕೆಳಗಿಳಿದಿರುತ್ತವೆ ಎಂದೆ. ನನ್ನ ಹತ್ತಿರ ಎಲ್ಲದಕ್ಕೂ ಉತ್ತರ ಇತ್ತು. ಎರಡು ಚೀಲ ತುಂಬಿಕೊಂಡು ಬಂದೆವು. ತಮ್ಮ ಕಾರಿನವರೆಗೂ ಬಂದ, ಚೀಲಗಳನ್ನು ನೋಡಿದ, ಡಿಕ್ಕಿ ಮುಚ್ಚಿದ.

ಮನೆಯ ಮಾಳಿಗೆಯ ಮೇಲೆ ನಾಲ್ಕು ಕಡೆ ಹಳೆ ಸೀರೆ ಕಟ್ಟಿ ಮರೆ ಮಾಡಿದೆ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಣ್ಣು ಕಲಸಿದಾಗ ಸೀಮೆಎಣ್ಣೆಯಂಥ ಘಾಟು ಮೂಗಿಗೆ ಹೊಡೆಯಿತು. "ಏನೋ ವಾಸ್ನೆ ಬತ್ತದಲ್ಲಕ್ಕ" ಅಂದಳು. "ಔಷಧಿ ಅಂದಮೇಲೆ ಮಲ್ಲಿಗೆ ಹೂವಿನ ವಾಸನೆ ಬರುತ್ತೇನೇ?" ಎಂದು ರೇಗಿಸಿ, ಬೇವಿನ ಸೊಪ್ಪು, ಅರಿಶಿನ, ಮಜ್ಜಿಗೆ ಬೆರೆಸಿದೆ. ಕೈಗವಸು ಹಾಕಿಕೊಂಡೆ, ಯಾಕೆಂದರೆ ಅರಿಶಿನ ಉಗುರಿಗೆ ಹತ್ತುತ್ತದೆ. ನನ್ನ ಕೈ ಉಳಿದದ್ದು ಹಾಗೆ. ಅವಳ ಬೆನ್ನಿಗೆ, ತೋಳಿಗೆ, ಕಾಲಿಗೆ, ಬಿರಿದು ರಕ್ತ ಜಿನುಗುತ್ತಿದ್ದ ಕಡೆಗೆಲ್ಲ ದಪ್ಪಗೆ ಮೆತ್ತಿದೆ. ಕಾಲಿಗೆ ಎರಡು ಪದರ ಹಚ್ಚು ಅಂದಳು. ಕೂಸು ಮಲಗುವ ಜಾಗ ಅಲ್ಲವೇ ಅದು. ಗಂಟೆ ಹೊತ್ತು ಹಾಗೇ ಕೂತಿದ್ದಳು.

ಮೊದಲ ದಿನ ತಣ್ಣಗಾಯಿತು ಅಂದಳು. ಎರಡನೆಯ ದಿನ ತಲೆನೋವು. ಮೂರನೆಯ ದಿನ ಸಂಜೆಗೆ ಬೆವರು ಧಾರೆಯಾಗಿ ಇಳಿಯಿತು, ಬಾಯಲ್ಲಿ ನೀರು ಊರಿ ಊರಿ ಉಗಿಯುತ್ತಿದ್ದಳು, ಕಣ್ಣು ಸುರಿಯುತ್ತಿತ್ತು. ನನಗೂ ಒಂದು ಗಳಿಗೆ ಅನುಮಾನ ಬಂತು. ತಂಗಿಯೇ ಫೋನು ತೆಗೆದು ತೋರಿಸಿದಳು. ಆ ಮಹಾತಾಯಿ ನಗುನಗುತ್ತ ಹೇಳುತ್ತಿದ್ದಳು: ಮೊದಲ ವಾರ ವಾಂತಿ, ಬೆವರು, ಭೇದಿ ಆಗಬಹುದು, ಹೆದರಬೇಡಿ, ವಿಷ ಹೊರಗೆ ಹೋಗುತ್ತಿದೆ ಎಂದು ಸಂತೋಷಪಡಿ. ನಾವು ಸಂತೋಷಪಟ್ಟೆವು. ನಾಲ್ಕನೆಯ ದಿನ ವಾಂತಿಯಾದಾಗ ಬೆನ್ನು ನೀವುತ್ತ, "ಹೋಗಲಿ, ಎಲ್ಲ ಹೋಗಲಿ" ಎಂದವಳು ನಾನು.

ಆ ದಿನವೇ ದುದ್ದದಿಂದ ಫೋನು ಬಂತು. ಬಾಣಂತನ ತಾವೇ ಮಾಡಿಕೊಳ್ಳುತ್ತೇವೆ, ನೀವು ನಿಧಾನಕ್ಕೆ ಹುಷಾರಾಗಿ ಎಂದರು ಬೀಗರು. ತಂಗಿ ಫೋನಿಟ್ಟು ಅಂಗೈಯ ಹೊಟ್ಟನ್ನು ಉಗುರಿನಲ್ಲಿ ಕೆರೆದಳು. "ಈ ಚರ್ಮ ಸುಲ್ದು ಬಿಸಾಕೋ ಅಂಗಿದ್ರೆ ಬಿಸಾಕ್ಬುಡ್ತಿದ್ದೆ ಕಣಕ್ಕ" ಅಂದಳು. ಐದನೆಯ ದಿನ ಅವಳಿಗೇ ಮಣ್ಣು ಸಾಕೆನಿಸಿತ್ತು. "ಕೈಕಾಲು ಅದುರ್ತಾವೆ, ಇವತ್ ಬ್ಯಾಡ" ಎಂದಳು. "ಇಷ್ಟು ದಿನ ತಡ್ಕೊಂಡಿದ್ದೀಯ, ಇನ್ನೆರಡು ದಿನ ತಡ್ಕೊ. ಮೈ ನೆಟ್ಟಗಾದ್ರೆ ಅವರೇ ಕರೀತಾರೆ" ಎಂದು ಬಲವಂತ ಮಾಡಿ ಮಾಳಿಗೆ ಹತ್ತಿಸಿದೆ. ತೊಳೆಯಲು ನೀರು ತರುವಷ್ಟರಲ್ಲಿ ಟಬ್ಬಿನ ಪಕ್ಕ ಬಿದ್ದಿದ್ದಳು. ಬಾಯಿಂದ ನೊರೆ, ತೊಡೆಯ ಮಾಂಸ ಅದುರುತ್ತಿತ್ತು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

ಹಾಸನದ ಆಸ್ಪತ್ರೆಯಲ್ಲಿ ನೋಡಿದ ಕೂಡಲೇ ಕೇಳಿದರು, "ಏನು ಕುಡಿದಿದ್ದಾರೆ?"

ಏನೂ ಇಲ್ಲ ಎಂದೆ. ಇದು ಕೀಟನಾಶಕದ ಲಕ್ಷಣ, ಅನುಮಾನವೇ ಇಲ್ಲ ಎಂದರು ಡಾಕ್ಟರು. ಹೊಲದಲ್ಲಿ ಔಷಧಿ ಹೊಡೆಯುವಾಗ ಮೈಮೇಲೆ ಬಿತ್ತೇ ಎಂದೂ ಕೇಳಿದರು. ಹೊಲಕ್ಕೆ ಹೋಗೇ ಇಲ್ಲ, ಮನೆಯಲ್ಲಿ ಮಣ್ಣು ಹಚ್ಚಿಕೊಳ್ಳುತ್ತಿದ್ದಳು ಅಷ್ಟೆ ಎಂದೆ. ಯಾವ ಮಣ್ಣು ಎಂದರು. "ನಮ್ಮದೇ ಹುತ್ತದ ಮಣ್ಣು. ಶುದ್ಧವಾದದ್ದು" ಎಂದು ನಾನು ಒತ್ತಿ ಹೇಳಿದೆ. ಅಷ್ಟರಲ್ಲಿ ಬಂದಿದ್ದ ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ. ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಆಗ ನನಗೆ ನೆನಪಾಯಿತು. ನನ್ನ ಸಿಂಕಿನ ಕೆಳಗೆ ಗುಲಾಬಿ ಗಿಡಕ್ಕೆ ಹೊಡೆಯುವ ಔಷಧಿಯ ಬಾಟಲಿ ಇತ್ತು. ಅದರಲ್ಲಿ ಎಷ್ಟಿತ್ತು, ಈಗ ಎಷ್ಟಿದೆ? ಪಕ್ಕದ ಮನೆಯವರಿಗೆ ಫೋನು ಮಾಡಿ ನೋಡಿಸಿದೆ. ಅರ್ಧ ಇದೆ ಎಂದರು. ಅರ್ಧ ನಾನೇ ಖಾಲಿ ಮಾಡಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಆದರೆ ದುದ್ದದ ಫೋನು, ಚರ್ಮ ಸುಲಿಯುವ ಮಾತು, ಈ ಅರ್ಧ ಬಾಟಲಿ, ಮೂರೂ ಕೂಡಿ ನನ್ನ ತಲೆಯಲ್ಲಿ ಲೆಕ್ಕ ಸರಿಹೋಯಿತು. ನಾನೇ ಹೋಗಿ ಡಾಕ್ಟರಿಗೆ ಹೇಳಿದೆ. ಪೊಲೀಸಿನವರು ಬಂದಾಗ ಅವರಿಗೂ ಹೇಳಿದೆ. ಅವರು ಬರೆದುಕೊಂಡರು: "ಚರ್ಮರೋಗದಿಂದ ಬಳಲುತ್ತಿದ್ದು, ಜೀವನದಲ್ಲಿ ಜಿಗುಪ್ಸೆಗೊಂಡು." ಓದಿ ನೋಡಿ ಮೇಡಂ ಎಂದರು. ಓದಿ, ಒಂದು ಕಾಗುಣಿತ ತಿದ್ದಿ, ಸಹಿ ಹಾಕಿದೆ.

ಮಾರನೆಯ ದಿನ ಅವಳಿಗೆ ಸ್ವಲ್ಪ ಪ್ರಜ್ಞೆ ಬಂತು. ನನ್ನ ಕೈ ಹಿಡಿದಳು. "ಅಕ್ಕ, ನಾ ಏನೂ ಕುಡ್ದಿಲ್ಲ ಕಣಕ್ಕ" ಅಂದಳು. "ಆಯ್ತು, ಸುಮ್ನೆ ಮಲಕ್ಕೊ" ಎಂದೆ, ಮಕ್ಕಳಿಗೆ ಹೇಳುವ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಹೇಳಿದಳು. ನರ್ಸಮ್ಮ ಇದ್ದರು, ನನಗೆ ನಾಚಿಕೆಯಾಯಿತು. ಸಂಜೆ ಮೂರನೆಯ ಸಲ ಹೇಳಿದಾಗ ನನಗೆ ಸಿಟ್ಟೇ ಬಂತು. "ಬಸುರಿ ಮಗಳ ಮುಖ ನೋಡಿಯಾದ್ರೂ ನಿಜ ಹೇಳೇ" ಎಂದು ಗದರಿದೆ. ಅವಳು ಕೈ ಬಿಟ್ಟಳು. ಆಮೇಲೆ ಗಂಟಲಿಗೆ ಕೊಳವೆ ಹಾಕಿದರು, ಮಾತಾಡುವುದು ಮುಗಿಯಿತು. ನಾಲ್ಕನೆಯ ದಿನ ಹೋದಳು.

ಜನ ಏನು ಆಡಿಕೊಂಡರೆಂದು ಬರೆಯುವುದಿಲ್ಲ. ಬೀಗರು ಅತ್ತರು, ಪಾಪ ಎಷ್ಟು ನೊಂದಿದ್ದರೋ ಅಂದರು. ಮಗಳು ಮಾತ್ರ ಅಳಲಿಲ್ಲ. ಎಂಟು ತಿಂಗಳ ಹೊಟ್ಟೆ ಹೊತ್ತು ಬಾಗಿಲಲ್ಲಿ ಕೂತವಳು ನನ್ನನ್ನು ಕೇಳಿದ್ದು ಒಂದೇ: "ನನ್ನ ಮಗೀನ ಮುಖ ನೋಡೋಗಂಟನಾದ್ರೂ ಇರ್ಬಾರ್ದಿತ್ತ ದೊಡ್ಡವ್ವ, ಅವ್ವ?" ನನ್ನ ಹತ್ತಿರ ಅದಕ್ಕೂ ಉತ್ತರ ಇತ್ತು. ಕಾಯಿಲೆಯವರ ಮನಸ್ಸು ನಮಗೆ ತಿಳಿಯುವುದಿಲ್ಲ ಎಂದೆ.

ಹೆಣ್ಣು ಮಗು ಹುಟ್ಟಿತು. ಬಾಣಂತಿ ತಾಯಿಯಿಲ್ಲದ ಹುಡುಗಿ, ತವರು ಎಂದರೆ ಸೋದರಮಾವನ ಮನೆಯೇ ಎಂದು ನಾಗರ ಪಂಚಮಿಗೆ ಅವಳನ್ನು ಕೊಣನೂರಿನ ಕಡೆ ಕರೆತಂದೆವು. ನಾನೂ ಹೋದೆ. ತನಿ ಎರೆಯಲು ತಮ್ಮನ ಹೆಂಡತಿ, ಅಕ್ಕಪಕ್ಕದ ಹೆಂಗಸರು ಹಾಲು, ಹಸಿ ತಂಬಿಟ್ಟು ಹಿಡಿದು ಹುತ್ತಕ್ಕೆ ಹೋದರು. ತಮ್ಮ ಬೆಳಗಿನಿಂದಲೇ ಎಲ್ಲೋ ಹೋಗಿದ್ದವನು ಆಗಷ್ಟೇ ಬಂದು ಜಗಲಿಯಲ್ಲಿ ಕೂತಿದ್ದ. ಮಗು ನನ್ನ ತೊಡೆಯ ಮೇಲಿತ್ತು, ಅದರ ತಾಯಿ ಪಕ್ಕದಲ್ಲೇ ಕೂತಿದ್ದಳು.

ತನಿ ಎರೆದ ಮೇಲೆ ಹಾಲಿನಲ್ಲಿ ನೆಂದ ಹುತ್ತದ ಮಣ್ಣನ್ನು ಚಿಟಿಕೆ ತಂದು ಮನೆಯವರ ಹಣೆಗೆ, ಮಕ್ಕಳ ಹೊಕ್ಕುಳಿಗೆ ಹಚ್ಚುವುದು ನಮ್ಮಲ್ಲಿ ಉಂಟು. ತಮ್ಮನ ಹೆಂಡತಿ ಬಾಳೆಲೆಯ ಚೂರಿನಲ್ಲಿ ಮಣ್ಣು ತಂದಳು. "ಎಲ್ಲಿ, ನಮ್ ಪುಟ್ಟವ್ವನ ಹೊಕ್ಳು ತೋರ್ಸಿ" ಎನ್ನುತ್ತ ಬಗ್ಗಿ, ಬೆರಳಲ್ಲಿ ಮಣ್ಣು ತೆಗೆದುಕೊಂಡಳು.

ತಮ್ಮ ಜಗಲಿಯಿಂದ ಯಾವಾಗ ಎದ್ದು ಬಂದನೋ ಕಾಣೆ. ಅವಳ ಕೈಗೆ ಹೊಡೆದ ಏಟಿಗೆ ಎಲೆ ಹಾರಿ ಗೋಡೆಗೆ ಬಡಿಯಿತು. "ಬ್ಯಾಡ! ಮಗೀಗೆ ಮುಟ್ಟುಸ್ಬ್ಯಾಡ!"

ಎಲ್ಲರೂ ಅವನನ್ನೇ ನೋಡಿದೆವು. ಅವನು ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ತೆಂಗಿನ ಸಸಿಗಳ ಬುಡವನ್ನೆಲ್ಲ ಗೆದ್ದಲು ತಿಂದುಹಾಕುತ್ತಿತ್ತಂತೆ. ಹುತ್ತಕ್ಕೆ ಕೈ ಹಾಕಿದರೆ ಮನೆಯಲ್ಲಿ ಬಿಡುವುದಿಲ್ಲವೆಂದು ಯಾರಿಗೂ ಹೇಳದೆ, ಹಾರೆಯಲ್ಲಿ ತೂತು ಮಾಡಿ, ಗೆದ್ದಲು ಔಷಧಿಯನ್ನು ಬಕೆಟ್ಟುಗಟ್ಟಲೆ ಹುಯ್ದಿದ್ದನಂತೆ. ನಾವು ಮಣ್ಣಿಗೆ ಹೋದದ್ದು ಅದಾದ ಎರಡನೆಯ ದಿನ. ಹುತ್ತ ಹಸಿಯಿದ್ದದ್ದು ಅದಕ್ಕೆ.

ಅವನ ಹೆಂಡತಿ ಬಾಯಿ ಬಡಿದುಕೊಂಡಳು. "ಅಯ್ಯೋ, ನಾಗಪ್ಪನ ಹುತ್ತ ಸಾಯ್ಸಿದ್ರಲ್ಲಪ್ಪ, ನಮ್ ಮನೆ ಉಳೀತದಾ!" ಎಂದು ಗೋಳಾಡಿದಳು. ಅವಳ ಬಾಯಿಗೆ ಮೊದಲು ಬಂದದ್ದು ಹುತ್ತ, ನನ್ನ ತಂಗಿಯಲ್ಲ. ಅವಳನ್ನು ದೂರಲು ನನಗೆ ಯಾವ ಬಾಯಿದೆ?

"ಆಸ್ಪತ್ರೇಲಿ ಯಾಕೋ ಬಾಯಿ ಬಿಡ್ಲಿಲ್ಲ?" ಎಂದೆ.

"ಯೋಳವ ಅಂತ್ಲೇ ಬಂದಿದ್ದೆ ಕಣಕ್ಕ. ಅಷ್ಟೊತ್ಗೆ ನೀನೇ ಬಾಟ್ಲಿ ವಿಚಾರ ಯೋಳ್ದೆ. ನೀನು ಓದ್ದೋಳು. ನೀ ಯೋಳಿದ್ಮೇಲೆ ಅದೇ ನಿಜ ಇರ್ಬೋದು ಅಂತ... ಅದೇ ನಿಜ ಆಗ್ಲಿ ಅಂತ ಇದ್ಬುಟ್ಟೆ." ಅವನು ಹೆಂಗಸರ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ನನಗೆ ಅವನನ್ನು ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು, ಎರಡನ್ನೂ ಮಾಡಲಿಲ್ಲ.

ತಂಗಿಯ ಮಗಳ ಕಡೆ ತಿರುಗಿದೆ. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಮುಖ ಸಡಿಲವಾದದ್ದನ್ನು ಕಂಡೆ. "ಅಂಗಾರೆ ಅವ್ವ ಕುಡೀಲಿಲ್ಲ" ಅಂದಳು. ಕೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯಿತು. "ನನ್ ಬುಟ್ಟೋಗ್ಲಿಲ್ಲ ಅವ್ವ. ಮಗೀಗೆ ನೀರುಯ್ಯಕ್ಕೆ ಕಾಯ್ತಾನೇ ಇದ್ಲು."

"ಹೂಂ ಕಣವ್ವ" ಎಂದೆ.

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಆಸ್ಪತ್ರೇಲಿ ಒಂದಿನ ಮಾತಾಡ್ತಿದ್ಲಲ್ಲ ದೊಡ್ಡವ್ವ. ನಾನು ಕುಡ್ದಿಲ್ಲ ಅಂತ ನಿಂಗೆ ಯೋಳ್ಲಿಲ್ವ?"

ಸುಳ್ಳು ಹೇಳಬಹುದಿತ್ತು. ಅರೆಪ್ರಜ್ಞೆಯಲ್ಲಿ ಏನೋ ಬಡಬಡಿಸಿದಳು ಎಂದರೆ ಮುಗಿಯುತ್ತಿತ್ತು, ಕೇಳಿಸಿಕೊಂಡ ನರ್ಸಮ್ಮ ಇಲ್ಲಿಗೆ ಬಂದು ಸಾಕ್ಷಿ ಹೇಳುತ್ತಿರಲಿಲ್ಲ.

"ಹೇಳಿದ್ಲು" ಎಂದೆ. "ಮೂರು ಸಲ ಹೇಳಿದ್ಲು."

ಅವಳು ಎದ್ದು, ಎರಡೂ ಕೈ ಚಾಚಿ, ನನ್ನ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಹಾಸನದ ಠಾಣೆಗೆ ಆಮೇಲೆ ನಾನು ಹೋದೆ, ನನ್ನ ಸಹಿಯಿರುವ ಹೇಳಿಕೆ ಸುಳ್ಳೆಂದು ಬರೆದುಕೊಟ್ಟೆ, ತಮ್ಮನೂ ಬಂದು ತಾನು ಮಾಡಿದ್ದನ್ನು ಬರೆಸಿದ. ಅದನ್ನು ದುದ್ದಕ್ಕೆ ಫೋನು ಮಾಡಿ ತಂಗಿಯ ಮಗಳಿಗೆ ತಿಳಿಸಿದೆ. ಹೂಂ ಅಂದಳು. ಮಗು ಈಗ ಅಂಬೆಗಾಲಿಡುತ್ತದಂತೆ.